ಕುರ್ಚಿಯ ಮುಂದೆ

"ಕೂತ್ಕೊಳ್ಳಿ ಅಕ್ಕಾ," ಎಂದು ನರ್ಸ್ ಕುರ್ಚಿ ಎಳೆದಿಟ್ಟಳು. ಹಿಂದೆ ಬಸ್ ಡ್ರೈವರ್ ಆಗಿದ್ದ ಆ ರೋಗಿ ಹೆಂಗಸು ಕಿಟಕಿಯತ್ತ ಹೋದಳು, ಬಾಗಿಲಿಗೆ ಬಂದಳು, ಹೆಣೆದ ಜಡೆಯನ್ನೇ ಬಿಚ್ಚಿ ಹೆಣೆದಳು; ಕುರ್ಚಿಯ ಹತ್ತಿರ ಮಾತ್ರ ಸುಳಿಯಲಿಲ್ಲ. ಬೆನ್ನುಮೂಳೆಯ ಬುಡದಲ್ಲಿ ನರವನ್ನು ಒತ್ತುತ್ತಿದ್ದ ನೀರುಗುಳ್ಳೆಯಿಂದಾಗಿ ಎರಡು ವರ್ಷ ಊಟವನ್ನೂ ನಿಂತೇ ಮಾಡಿದ್ದಳು. ಕೂತರೆ ಕೆಂಡದ ಮೇಲೆ ಕೂತಂತೆ. ನಿನ್ನೆ ಸಣ್ಣ ತೂತು ಮಾಡಿ ಅದನ್ನು ತೆಗೆದಿದ್ದರು.

"ಗಾಯ ಉಗುರಿನಷ್ಟೂ ಇಲ್ಲಮ್ಮ, ಇನ್ನೇನು ಭಯ?" ಮಗಳು ಸಿಡುಕಿದಳು.

"ಕೂತಾಗ ಮತ್ತೆ ನೋವು ಬಂದ್ರೆ? ಆಮೇಲೆ ಯಾರ ಹತ್ರ ಹೋಗೋದೇ?"

ಮಗಳು ಕೈ ಚಾಚಿದಳು. ಅವಳು ಆ ಕೈ ಹಿಡಿದು, ಹಲ್ಲು ಕಚ್ಚಿ, ಇಷ್ಟಿಷ್ಟೇ ಬಗ್ಗಿ ಕೂತಳು, ಕಾದಳು. ನೋವು ಬರಲೇ ಇಲ್ಲ.

"ಅಮ್ಮಾ, ಏಳು, ಡಾಕ್ಟರ್ ಬಂದ್ರು."

"ಬರಲಿ," ಎಂದಳು ಕಣ್ಣೊರೆಸಿಕೊಳ್ಳುತ್ತಾ, "ಒಂಚೂರು ನಿಂತಿರಲಿ."