ರೋಲು ಬೇಕೋ, ಬಾಕ್ಸು ಬೇಕೋ

"ರೋಲು ಬೇಡ, ಬಾಕ್ಸೇ ಇಳಿಸು" ಎಂದು ವೆಂಕಟರವಣಪ್ಪ ಮೂರನೇ ಸಲ ಹೇಳಿದ. ಅವನ ಹೆಂಡತಿ ಅಶ್ವತ್ಥಮ್ಮ ಮೂರನೇ ಸಲವೂ ಅದು ಕಿವಿಗೇ ಬಿದ್ದಿಲ್ಲವೆಂಬಂತೆ "ರೋಲೇ ಇಳಿಸಪ್ಪಾ" ಎಂದಳು. ಒಣಹುಲ್ಲು ಮಾರುವ ರಾಮಾಂಜಿನಪ್ಪ ಲಾರಿಯ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತುಬಿಟ್ಟ. ಲಾರಿಯಲ್ಲಿ ಎರಡೂ ಇದ್ದವು. ಚಾಪೆಯಂತೆ ಸುತ್ತಿದ ದುಂಡನೆಯ ರೋಲುಗಳು ಒಂದು ಕಡೆ, ಹುರಿಯಿಂದ ಬಿಗಿದ ಚೌಕದ ಬಾಕ್ಸುಗಳು ಇನ್ನೊಂದು ಕಡೆ. ಹುಲ್ಲು ಅದೇ, ಹಸು ಒಂದೇ. ಜಗಳ ಮಾತ್ರ ಅರ್ಧ ಗಂಟೆಯಿಂದ ನಡೆದಿತ್ತು.

"ನೋಡೇ, ರೋಲು ಉರುಳುತ್ತೆ. ನಮ್ಮ ಬೀದಿ ಮೊದ್ಲೇ ಇಳಿಜಾರು. ಬ್ರೇಕ್ ಇಲ್ದಿರೋ ಗಾಡಿ ಕಣೇ ಅದು!"

"ಉರುಳ್ಲಿ ಅಂತಾನೇ ಕೇಳ್ತಿರೋದು. ಕಾಲಲ್ಲಿ ತಳ್ಕೊಂಡು ಹೋಗಿ ಹಸು ಮುಂದೆ ಬಿಚ್ಚಿದ್ರೆ ಆಯ್ತು. ಬಾಕ್ಸ್ ಎತ್ತಕ್ಕೆ ನನ್ನ ಸೊಂಟ ಏನು ಕಬ್ಬಿಣದ್ದಾ?"

"ರೋಲಿನ ಮಧ್ಯೆ ಬೂಷ್ಟು ಹಿಡಿಯುತ್ತೆ."

"ಹೋದ್ವರ್ಷ ಹಿಡಿದಿತ್ತಾ?"

"ಹೋದ್ವರ್ಷ ನಾನೆಲ್ಲಿ ನೋಡ್ದೆ? ಡ್ಯೂಟೀಲಿದ್ದೆ."

"ಮತ್ತೆ! ಮೊಸರಲ್ಲಿ ಕಲ್ಲು ಹುಡುಕ್ಬೇಡಿ, ಒಳಗೆ ಹೋಗಿ."

"ಏದೋ ಒಂದು ಹೇಳಕ್ಕಾ ತಲ್ಲೀ" ಎಂದು ರಾಮಾಂಜಿನಪ್ಪ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಗೋಗರೆದ. "ಶಿಡ್ಲಘಟ್ಟದಾಗೆ ಇನ್ನೂ ಎರಡು ಮನೆ ಇಳಿಸ್ಬೇಕು ನಾನು."

ನಿಜ ಹೇಳಬೇಕೆಂದರೆ ವೆಂಕಟರವಣಪ್ಪನಿಗೆ ರೋಲೂ ಗೊತ್ತಿಲ್ಲ, ಬಾಕ್ಸೂ ಗೊತ್ತಿಲ್ಲ. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ, ನಿವೃತ್ತನಾಗಿ ಜಂಗಮಕೋಟೆಯ ಮನೆಗೆ ಬಂದು ಕೂತು ಮೂರು ತಿಂಗಳಾಗಿತ್ತು. ಅಷ್ಟರಲ್ಲೇ ಅವನಿಗೆ ತಿಳಿದುಹೋಗಿತ್ತು, ಈ ಮನೆ ತಾನಿಲ್ಲದೆ ಓಡುವುದನ್ನು ಯಾವತ್ತೋ ಕಲಿತುಬಿಟ್ಟಿದೆ ಎಂದು. ಹಿಪ್ಪುನೇರಳೆ ತೋಟ ಮಗನದು, ರೇಷ್ಮೆಹುಳುವಿನ ಮನೆ ಸೊಸೆ ಕವಿತಳದು, ಹಸು ಅಶ್ವತ್ಥಮ್ಮನದು. ಸೊಪ್ಪು ಕೊಯ್ಯಲು ಹೋದರೆ ಮಗ "ನಿಂಗೊತ್ತಾಗಲ್ಲ ಬಿಡಪ್ಪ" ಎನ್ನುತ್ತಿದ್ದ. ಹಾಲು ಕರೆಯಲು ಕೂತರೆ ಹಸು ಒದೆಯುತ್ತಿತ್ತು. ಪಾಪ, ಜಗಲಿಯ ಮೇಲೆ ಕೂತು, ಹೋಗಿ ಬರುವ ಬಸ್ಸುಗಳು ಟೈಮಿಗೆ ಸರಿಯಾಗಿ ಬಂದವೇ ಎಂದು ಗಡಿಯಾರ ನೋಡುವುದೊಂದೇ ಅವನ ಪಾಲಿಗೆ ಉಳಿದಿತ್ತು.

"ನಿಮಗ್ಯಾಕೆ ಮಾವ ಈ ಟೆನ್ಷನ್ನೆಲ್ಲ? ಆರಾಮಾಗಿ ಕೂತ್ಕೊಳಿ" ಎಂದು ಕವಿತ ಬಾಗಿಲಲ್ಲಿ ನಿಂತು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

"ಕೂತೂ ಕೂತೂ ಸಾಕಾಗಿದೆ ಕಣಮ್ಮ!" ವೆಂಕಟರವಣಪ್ಪನ ದನಿ ಬೀದಿಗೆಲ್ಲ ಕೇಳಿಸಿತು. "ರೋಲಾದ್ರೆ ನಿಮ್ಮತ್ತೆ ಒಬ್ಬಳೇ ತಳ್ಕೊಂಡು ಹೋಗ್ತಾಳೆ. ಬಾಕ್ಸಾದ್ರೆ ಎತ್ತಕ್ಕಾದ್ರೂ ನನ್ನ ಕರೀತಾಳಲ್ಲ ಅಂತ..."

ಮಾತು ಬಾಯಿಂದ ಜಾರಿದ ಮೇಲೆ ಅವನಿಗೇ ನಾಚಿಕೆಯಾಯಿತು. ಸರ್ರನೆ ತಿರುಗಿ ರಾಮಾಂಜಿನಪ್ಪನ ಲಾರಿಯ ಟೈರುಗಳನ್ನು ಒಂದೊಂದಾಗಿ ಒದ್ದು ನೋಡತೊಡಗಿದ. ಯಾರೂ ಗಾಳಿ ನೋಡು ಎಂದಿರಲಿಲ್ಲ.

ಅಶ್ವತ್ಥಮ್ಮ ಗಂಡನ ಬೆನ್ನನ್ನೇ ನೋಡುತ್ತ ನಿಂತಳು. ಅವನ ಹಟದ ಗುಟ್ಟು ಅವಳಿಗೆ ಈಗ ತಿಳಿಯಿತು. ಹಾಗಂತ ಒಪ್ಪಿಕೊಳ್ಳುವ ಪೈಕಿಯೇ ಅವಳು?

"ಅಯ್ಯೋ, ಇವರ ಹಟಕ್ಕಿಷ್ಟು ಬೆಂಕಿ ಹಾಕ! ಬಾಕ್ಸೇ ಇಳಿಸಪ್ಪಾ, ಎಲ್ಲಾನೂ ಬಾಕ್ಸೇ ಇಳಿಸು. ರೀ, ಕೇಳಿಸ್ತಾ? ದಿನಾ ಆರು ಗಂಟೆಗೆ ಕೊಟ್ಟಿಗೇಲಿ ಇರ್ಬೇಕು. ಆಮೇಲೆ ಕುಂಟುನೆಪ ಹೇಳಂಗಿಲ್ಲ."

"ಡ್ಯೂಟಿಗೆ ಒಂದಿನಾನೂ ಲೇಟಾಗಿ ಹೋದೋನಲ್ಲ ನಾನು" ಎಂದ ವೆಂಕಟರವಣಪ್ಪ, ನಾಲ್ಕನೇ ಟೈರಿನ ಹತ್ತಿರದಿಂದ.

ಮರುದಿನ ಬೆಳಿಗ್ಗೆ ಹುಳುಗಳಿಗೆ ಸೊಪ್ಪು ಹಾಕಲು ಎದ್ದ ಕವಿತ ಸುಮ್ಮನೆ ಕೊಟ್ಟಿಗೆಯ ಕಡೆ ನೋಡಿದಳು. ಆರಕ್ಕೆ ಇನ್ನೂ ಐದು ನಿಮಿಷವಿತ್ತು. ಹಸು ಹಸಿದು ಕೂಗುತ್ತಿತ್ತು. ಅತ್ತೆಗೆ ತಡೆಯಲಾಗಲಿಲ್ಲವೋ, ಎಷ್ಟೋ ವರ್ಷಗಳ ಅಭ್ಯಾಸವೋ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಬಾಕ್ಸನ್ನು ಎಳೆದು, ಮಂಡಿ ಕೊಟ್ಟು ತಲೆಯ ಮೇಲೇರಿಸಿಕೊಂಡು ಗೋದಲಿಯ ಕಡೆ ಎರಡು ಹೆಜ್ಜೆ ಇಟ್ಟೇಬಿಟ್ಟಿದ್ದಳು. ಅಷ್ಟರಲ್ಲಿ ಹಿಂಬಾಗಿಲ ಚಿಲಕದ ಸದ್ದಾಯಿತು.

ಅಶ್ವತ್ಥಮ್ಮ ತಟ್ಟನೆ ಹಿಂದಕ್ಕೆ ಬಂದಳು. ಬಾಕ್ಸನ್ನು ಇದ್ದ ಜಾಗದಲ್ಲೇ ಸದ್ದಾಗದಂತೆ ಇಳಿಸಿ, ತಲೆಯ ಮೇಲಿನ ಹುಲ್ಲು ಕೊಡವಿಕೊಂಡು ಕೂಗಿದಳು:

"ಏನ್ರೀ, ಎಲ್ಲೋದ್ರಿ? ನನ್ನ ಕೈಲಿ ಆಗ್ತಿಲ್ಲ, ಬನ್ನಿ!"