ಹರಳೆಣ್ಣೆ ಮೋರೆಯ ಸಂಬಳ

ಕಬ್ಬಿಣದ ಕೈ ಮೊಲವನ್ನು ಕಿವಿ ಹಿಡಿದೆತ್ತಿತು, ಗಾಳಿಯಲ್ಲಿ ತೂಗಾಡಿಸಿತು, ತಂದು ತೂತಿನೊಳಗೆ ಹಾಕಿತು. ಗಾಜಿನ ಪೆಟ್ಟಿಗೆಯ ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

“ಇವತ್ತೂ ನಿನ್ನ ಬಾಯಿಗೆ ಮಣ್ಣು ಬಿತ್ತು ನೋಡು,” ಎಂದು ಯಂತ್ರದವನನ್ನು ಹಂಗಿಸುತ್ತ, ಜನ ಚೀಲದಮ್ಮ ಎಂದು ಕರೆಯುತ್ತಿದ್ದ ಹೆಂಗಸು ಮೊಲವನ್ನು ತನ್ನ ದೊಡ್ಡ ಬಟ್ಟೆಚೀಲಕ್ಕೆ ತುರುಕಿದಳು.

ಆ ಆಟದ ಅಂಗಡಿಯಲ್ಲಿ, ನಾಣ್ಯ ಹಾಕಿ ಗೊಂಬೆ ಎತ್ತುವ ಯಂತ್ರ ನೋಡಿಕೊಳ್ಳುವವನಿಗೆ ಜನ ಇಟ್ಟ ಹೆಸರು ಹರಳೆಣ್ಣೆ. ಈಗಷ್ಟೇ ಅದನ್ನು ಕುಡಿದೆದ್ದ ಹಾಗಿತ್ತು ಮೋರೆ. ಅಂಗಿಯ ಎದೆಯ ಗುಂಡಿ ಯಾವ ಕಾಲದಲ್ಲೋ ಕಿತ್ತುಹೋಗಿತ್ತು. ಸಿಕ್ಕಿಕೊಂಡ ನಾಣ್ಯ ಬಿಡಿಸುವುದು, ಗೊಂಬೆ ಜೋಡಿಸುವುದು, ಕಬ್ಬಿಣದ ಕೈಯ ಹಿಡಿತವನ್ನು ಮಾಲೀಕ ಹೇಳಿದಷ್ಟಕ್ಕೆ ಇಡುವುದು ಅವನ ಕೆಲಸ. ದೇವರು ಮನುಷ್ಯನಿಗೆ ಎರಡು ಕೈ ಕೊಟ್ಟ. ಸಾಲದೆಂದು ಮನುಷ್ಯ ಮೂರನೆಯದೊಂದು ಮಾಡಿಕೊಂಡು, ಅದಕ್ಕೆ ಹಿಡಿಯುವುದಕ್ಕಿಂತ ಬಿಡುವುದನ್ನೇ ಚೆನ್ನಾಗಿ ಕಲಿಸಿದ.

ಸಂಬಳ ಜಾಸ್ತಿ ಮಾಡಿ ಎಂದು ಕೇಳಲು ಹೋದವನಿಗೆ ಮಾಲೀಕ ಆ ವಾರದ ಮೊದಲಲ್ಲೇ ಮಂಗಳಾರತಿ ಎತ್ತಿದ್ದ. “ಸಂಬಳವಂತೆ! ನಿನ್ನ ಯಂತ್ರದ ಕಡೆ ನೊಣಾನೂ ಸುಳೀತಿಲ್ಲ. ಭಾನುವಾರ ನಾಣ್ಯದ ಪೆಟ್ಟಿಗೆ ತೆಗೀತೀನಿ. ತುಂಬಿಲ್ಲ ಅಂದ್ರೆ ಯಂತ್ರ ಗುಜರಿಗೆ, ನೀನು ಮನೆಗೆ.”

ಸರಿಯಾಗಿ ಅಂಥ ವಾರದಲ್ಲೇ ಈ ಮಹಾತಾಯಿ ಬಂದು ವಕ್ಕರಿಸಿದ್ದಳು. ದಿನಾ ಸಂಜೆ ಬರುವಳು, ಆಡುವಳು, ಗೆಲ್ಲುವಳು, ಬೈಯುವಳು, ಹೋಗುವಳು.

ಅವಳ ತಲೆ ಬಾಗಿಲಲ್ಲಿ ಕಂಡರೆ ಸಾಕು, ಹರಳೆಣ್ಣೆ ಬೀಗ ತೆರೆದು ಯಂತ್ರದೊಳಗೆ ತಲೆ ತೂರಿಸುತ್ತಿದ್ದ. “ನೋಡಿ ನೋಡಿ, ಆಯಮ್ಮನ ಸೋಲಿಸೋಕೆ ಏನೋ ಕಿತಾಪತಿ ಮಾಡ್ತಿದ್ದಾನೆ,” ಎನ್ನುತ್ತಿದ್ದರು ಜನ. ಆದರೂ ಅವಳೇ ಗೆಲ್ಲುತ್ತಿದ್ದಳು. ಸೋತ ಸಿಟ್ಟಿಗೆ ಅವನು ಮತ್ತೆ ದಡಾರನೆ ಬಾಗಿಲು ತೆರೆದು, ಉಳಿದ ಗೊಂಬೆಗಳನ್ನು ಕುಕ್ಕಿ ಕುಕ್ಕಿ ಕೂರಿಸುತ್ತಿದ್ದ. ಜನಕ್ಕೆ ಅದಕ್ಕಿಂತ ಸೊಗಸಾದ ನೋಟ ಬೇರಿರಲಿಲ್ಲ.

ಶನಿವಾರವಂತೂ ಕಾಲಿಡಲು ಜಾಗವಿಲ್ಲ.

“ಒಂದು ಗುಂಡಿ ಹೊಲಿಸ್ಕೊಳ್ಳೋ ಯೋಗ್ಯತೆ ಇಲ್ಲ, ಇವನು ಊರಿಗೆಲ್ಲ ಆಟ ಆಡಿಸ್ತಾನಂತೆ!” ಚೀಲದಮ್ಮ ಸೊಂಟಕ್ಕೆ ಕೈಯಿಟ್ಟಳು. “ನಿನ್ನ ಕಟ್ಕೊಂಡೋಳು ಯಾವ ಜನ್ಮದಲ್ಲಿ ಏನು ಪಾಪ ಮಾಡಿದ್ಲೋ!”

“ಅವಳು ಸುಖವಾಗೇ ಇದ್ದಾಳೆ. ನಿನ್ನ ಕಟ್ಕೊಂಡಿದ್ದಾನಲ್ಲ, ಆ ಬಡಪಾಯಿಗೆ ಕೈ ಮುಗೀಬೇಕು. ಈ ಬಾಯಿ ಇಟ್ಕೊಂಡು ಹೇಗೆ ಸಂಸಾರ ಮಾಡ್ತಾನೋ!”

“ಅವರ ಸುದ್ದಿಗೆ ಬಂದ್ರೆ ಜೋಕೆ! ದೇವರಂಥ ಮನುಷ್ಯ.”

“ಹೌದೌದು. ಕಲ್ಲಾಗಿಬಿಟ್ಟಿರ್ಬೇಕು, ಪಾಪ.”

ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ನಗಲಿಲ್ಲ. ಇನ್ನೊಬ್ಬರ ಮಕ್ಕಳನ್ನು ತಿದ್ದಿ ತಿದ್ದಿ ರೂಢಿಯಾದವರು. ಕನ್ನಡಕ ಏರಿಸಿಕೊಂಡು ಮುಂದೆ ಬಂದರು.

“ಹೆಣ್ಮಕ್ಕಳ ಹತ್ರ ಮಾತಾಡೋ ರೀತಿ ಏನಯ್ಯಾ ಇದು? ಈ ಘನಂದಾರಿ ಕೆಲಸಕ್ಕೆ ಎಷ್ಟು ಕೊಡ್ತಾರೆ ನಿನಗೆ?”

“ಕಸ ಗುಡಿಸೋರಿಗಿಂತ ಒಂಚೂರು ಮೇಲೆ, ಬಾಗಿಲು ಕಾಯೋರಿಗಿಂತ ಒಂಚೂರು ಕೆಳಗೆ ಸಾರ್. ಬೈಸ್ಕೊಳ್ಳೋದು ಧರ್ಮಕ್ಕೆ.”

“ಅಷ್ಟಕ್ಕೇ ಇಷ್ಟು ಕೊಬ್ಬಾ? ಇವತ್ತು ನಿನ್ನ ಯಂತ್ರ ಬರಿದು ಮಾಡಿಯೇ ನಾನು ಹೋಗೋದು.”

ಮೇಷ್ಟ್ರಿಗೆ ಗೊಂಬೆ ಬೇಕಿರಲಿಲ್ಲ. ಅಲ್ಲಿ ಯಾರಿಗೂ ಬೇಕಿರಲಿಲ್ಲ. ಹರಳೆಣ್ಣೆ ಅಳುವುದನ್ನು ನೋಡಬೇಕಿತ್ತು, ಅಷ್ಟೇ. ಮೇಷ್ಟ್ರು ನಾಣ್ಯ ಹಾಕಿದರು. ಕರಡಿ ತೂತಿನ ಅಂಚಿನವರೆಗೂ ಬಂದು ಜಾರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹರಳೆಣ್ಣೆ ಕಿಸಕ್ಕನೆ ನಕ್ಕ. ಆ ಒಂದು ನಗೆಗೆ ಮೇಷ್ಟ್ರ ಜೇಬು ಖಾಲಿಯಾಯಿತು. ಹಿಂದೆ ನಿಂತಿದ್ದ ಕ್ಷೌರದವನು ಅಂಗಿಯ ತೋಳು ಮಡಚಿಕೊಂಡು ಬಂದ. ಅವನ ಹಿಂದೆ ಔಷಧಿ ಅಂಗಡಿಯವಳು. ಅವಳಿಗೆ ಹೇಗೋ ಒಂದು ನಾಯಿಮರಿ ಸಿಕ್ಕಿತು. ತಿರುಗಿಸಿ ನೋಡಿದರೆ ಕತ್ತಿನ ಸುತ್ತ ನೀಲಿ ದಾರದ ಹೊಲಿಗೆ.

“ಥೂ! ಹರಿದಿದ್ದನ್ನ ಹೊಲಿದು ಇಟ್ಟಿದ್ದಾನೆ, ಜಿಪುಣ!”

“ಬಿಡಬೇಡಿ ಇವನನ್ನ,” ಎಂದಿತು ಗುಂಪು. ಇನ್ನಷ್ಟು ನಾಣ್ಯಗಳು ಬಿದ್ದವು.

ಚೀಲದಮ್ಮ ಅಷ್ಟರಲ್ಲಿ ಚೀಲ ಹೆಗಲಿಗೇರಿಸಿ ಹೊರಟುಹೋಗಿದ್ದಳು.

ಭಾನುವಾರ ಮಾಲೀಕ ಬಂದ. ಗಾಜಿನೊಳಗೆ ಅರ್ಧಕ್ಕರ್ಧ ಖಾಲಿ.

“ಗೊಂಬೆಗಳೆಲ್ಲ ಎಲ್ಲೋ?”

“ಆ ಚೀಲದಮ್ಮ ಹೊತ್ಕೊಂಡು ಹೋದ್ಲು ಸಾರ್.”

“ಒಂದು ಹೆಂಗಸಿನ ಕೈಲಿ ಸೋಲ್ತೀಯಲ್ಲೋ ಎಮ್ಮೆ! ಲೆಕ್ಕ ಮುಗಿಸು, ನಡಿ ಮನೆಗೆ.” ಹೇಳುತ್ತಲೇ ಅವನು ನಾಣ್ಯದ ಪೆಟ್ಟಿಗೆ ಎಳೆದ. ಅದು ಬರಲಿಲ್ಲ. ಬಲವಾಗಿ ಎಳೆದ. ಒಳಗೆ ಒತ್ತಿಕೊಂಡು ಕೂತಿದ್ದ ನಾಣ್ಯಗಳು ಝಲ್ಲೆಂದು ಅವನ ಪಾದದ ಮೇಲೆ ಸುರಿದವು.

ಮಾಲೀಕ ಬಗ್ಗಿ ಎರಡೂ ಕೈಯಲ್ಲಿ ನಾಣ್ಯ ಬಾಚತೊಡಗಿದ.

“ಸಾರ್, ಸಂಬಳದ ವಿಷಯ...”

“ನೀನೇನು ಕಡಿದು ಕಟ್ಟೆ ಹಾಕಿದ್ದೀಯ ಅಂತ ಸಂಬಳ? ನಿನ್ನ ಮೋರೆ ನೋಡಿ ಸಿಟ್ಟಿಗೆ ಆಡಿದ್ದಾರೆ ಜನ. ಮೋರೆ ದೇವರು ಕೊಟ್ಟಿದ್ದು, ಅದಕ್ಕೆ ನಾನ್ಯಾಕೆ ದುಡ್ಡು ಕೊಡಲಿ? ಇರು, ಕೆಲಸದಲ್ಲೇ ಇರು.” ಆಮೇಲೆ ಜೇಬಿಗೆ ಕೈ ಹಾಕಿದ. “ತಗೋ, ಹೋದಷ್ಟು ಗೊಂಬೆ ಹೊಸದು ತಂದು ತುಂಬು. ಇನ್ಮೇಲೆ ವಾರ ವಾರ ಕೊಡ್ತೀನಿ. ಹಾಳಾಗಿ ಹೋಗ್ಲಿ, ಗೆದ್ಕೊಳ್ಳಲಿ ಆಯಮ್ಮ.”

ಹರಳೆಣ್ಣೆ ಅದೇ ಮೋರೆ ಹೊತ್ತು ಕೈ ಚಾಚಿದ.

ಸೋಮವಾರ ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಮುಂಚೆ, ಅವನು ತನ್ನ ಅಡುಗೆಮನೆಯಲ್ಲಿ ನಿಂತು ಅಂಗಿ ಬಿಚ್ಚಿ, ಸೂಜಿ ಹಿಡಿದು ಕೂತಿದ್ದವಳ ಮುಂದೆ ನೀಡಿದ. ಬಾಯಿ ತೆರೆದು ಬಿದ್ದಿದ್ದ ದೊಡ್ಡ ಬಟ್ಟೆಚೀಲ ಮತ್ತು ಮಾಲೀಕ ಕೊಟ್ಟ, ಇನ್ನೂ ಮುರಿಯದ ನೋಟುಗಳ ಪಕ್ಕದಲ್ಲಿ, ಮೊಲದ ಕಿವಿಗೆ ನೀಲಿ ದಾರ ಹಾಕುತ್ತ, ಅವಳು ತಲೆಯೆತ್ತದೆ ಹೇಳಿದಳು:

“ಗುಂಡಿ ಹಾಗೇ ಇರಲಿ ರೀ. ಇವತ್ತು ಬೈಯೋಕೆ ಬೇರೆ ಏನೂ ಹೊಳೀತಿಲ್ಲ.”