ಇನ್ನು ಎರಡೇ ಸೊಂಟ

ಮಗಳನ್ನು ಎತ್ತಿ ಸೋತ ಸೊಂಟಕ್ಕೆ ನೋವಿನೆಣ್ಣೆ ಹಚ್ಚಿದಾಗೆಲ್ಲ, ಆ ವಾಸನೆಗೆ ಅಜ್ಜಿಯ ಸೊಂಟ ನೆನಪಾಗುತ್ತದೆ.

ಚಿಕ್ಕಂದಿನಲ್ಲಿ ಒಂದು ಮಧ್ಯಾಹ್ನ ಜ್ವರದಲ್ಲಿ ಸುಡುತ್ತಿದ್ದ ನನ್ನನ್ನು ಎತ್ತಿಕೊಂಡು ಅಜ್ಜಿ ಗುತ್ತಿಗಾರಿನ ಡಾಕ್ಟರ ಬಳಿ ಹೊರಟಿದ್ದರು. ಜೊತೆಗೆ ಬಂದ ಸೋದರಮಾವ ಶಾಲೆಯ ಮಾಷ್ಟ್ರು. ಹಳೆಯ ಮೈಲುಗಲ್ಲು ಕಂಡದ್ದೇ ಪಾಠ ಶುರುವಾಯಿತು.

"ಮೈಲು ಹುಟ್ಟಿದ್ದು ರೋಮಿನ ಸೈನಿಕರ ಕಾಲಿನಿಂದ ಅಮ್ಮ. ಎಡಗಾಲು ಸಾವಿರ ಸಲ ಊರಿದ್ರೆ ಒಂದು ಮೈಲು."

"ಅವರ ಸೊಂಟದಲ್ಲಿ ಮಗು ಇತ್ತಾ ಮಾರಾಯ?"

ಮಾವ ನನ್ನನ್ನು ಎತ್ತಿಕೊಳ್ಳಲು ಕೈ ಚಾಚಿದರು. ಅಜ್ಜಿ ಕೊಡಲಿಲ್ಲ. ಎಡಕ್ಕಿದ್ದ ಮಗುವನ್ನು ಬಲಕ್ಕೆ ಬದಲಿಸುವವರೆಗೆ ನಡೆದ ದೂರ ಅವರ ಲೆಕ್ಕದಲ್ಲಿ ಒಂದು ಸೊಂಟ. ನೋವಿನೆಣ್ಣೆ ವಾಸನೆಯ ಒರಟು ಸೀರೆ ನನ್ನ ಕೆನ್ನೆಗೆ ಉಜ್ಜುತ್ತಿತ್ತು.

"ಇನ್ನು ಎರಡೇ ಸೊಂಟ ಉಂಟು ಮಗಾ," ಎಂದು ಬದಲಿಸಿದರು.

ಡಾಕ್ಟರ ಬಾಗಿಲು ಕಾಣುವವರೆಗೂ, ಬದಲಿಸಿದಾಗೆಲ್ಲ, ಎರಡೇ ಎಂದರು.